ಮಲೆನಾಡಲ್ಲಿ ಎಂ40 ಕ್ಯೂಬ್ ಹಾಕೋರು ಮೊದ್ಲು ಮರಳಲ್ಲಿರೋ ನೀರಿನ ಲೆಕ್ಕ ಹಾಕಿ

ಕಾಂಕ್ರೀಟನ್ನ ಕ್ಯೂಬಾಗಿ ಎರೆದು, ಮೆಷಿನ್ನಲ್ಲಿ ಒತ್ತಿ ಒಡೆದು ಬಲ ನೋಡೋ ಕ್ಯೂಬ್ ಟೆಸ್ಟಲ್ಲಿ ನಂಬರ್ ಬರ್ಲಿಲ್ಲ ಅಂದ್ರೆ ನಮ್ ಕಡೆ ಎಲ್ರೂ ಮೊದ್ಲು ಬೈಯೋದು ಸಿಮೆಂಟಿಗೆ. ಆಮೇಲೆ ಮೇಸ್ತ್ರಿಗೆ, ಕೊನೇಗೆ ಲ್ಯಾಬಿನವ್ರಿಗೆ. ನೀರನ್ನ ಬೈಯೋರು ಕಮ್ಮಿ. ಆದ್ರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಅಕ್ಟೋಬರ್ ತನಕ ಕಲಸೋ ಕಾಂಕ್ರೀಟಲ್ಲಿ ಬಲ ಹೋಗೋದು ಬಹುಪಾಲು ನೀರಿಂದಾನೇ, ಅದೂ ನೀವು ಜಗ್ಗಲ್ಲಿ ಅಳೆದು ಹಾಕಿದ ನೀರಲ್ಲ ಮಾರಾಯ್ರೆ, ಮರಳಿನ ಜೊತೆ ಹೇಳದೆ ಕೇಳದೆ ಬಂದು ಸೇರ್ಕೊಂಡ ನೀರು.

ಇಲ್ಲಿ ಬರ್ದಿರೋದು ಡಿಪ್ಲೊಮಾ, ಬಿಇ ಹುಡುಗ್ರು ಪ್ರಾಜೆಕ್ಟಿಗೆ ಕ್ಯೂಬ್ ಹಾಕ್ತಾರಲ್ಲ ಅವ್ರಿಗೆ, ಸಣ್ಣ ಸೇತುವೆ ಟ್ಯಾಂಕು ಅಂತ ಕಂಟ್ರಾಕ್ಟ್ ಹಿಡಿದು ಟ್ರಯಲ್ ಮಿಕ್ಸ್ (ಕೆಲಸ ಶುರು ಮಾಡೋ ಮುಂಚೆ ಪರೀಕ್ಷೆಗೆ ಕಲಸೋ ಕಾಂಕ್ರೀಟು) ಮಾಡೋರಿಗೆ. ಆರು ಕ್ಯೂಬ್ ಲೆಕ್ಕ: ಮೂರು 7 ದಿನಕ್ಕೆ, ಮೂರು 28 ದಿನಕ್ಕೆ. ಕಾಂಕ್ರೀಟಿನ ಬಲದ ಗ್ರೇಡುಗಳಲ್ಲಿ ಎಂ40 ತಗೊಂಡಿದೀನಿ ಯಾಕಂದ್ರೆ ಎಂ20ನ ಹೆಂಗೆ ಕಲಸಿದ್ರೂ ಒಂದ್ ಮಟ್ಟಕ್ಕೆ ಬರುತ್ತೆ, ಎಂ40 ಹಂಗಲ್ಲ, ಸಣ್ಣ ಅಸಡ್ಡೆನೂ ನಂಬರಲ್ಲಿ ಕಾಣುತ್ತೆ.

ಮೊದ್ಲು ಎಷ್ಟು ಬಲ ಬೇಕು ಅನ್ನೋದು ಗೊತ್ತಿರ್ಲಿ. ಎಂ40 ಅಂದ್ರೆ 150 ಎಂಎಂ ಕ್ಯೂಬು 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 40 ನ್ಯೂಟನ್ ತಡೀಬೇಕು. ಆದ್ರೆ ಟ್ರಯಲ್ ಮಾಡೋವಾಗ 40 ಬಂದ್ರೆ ಸಾಕು ಅಂತ ಕೂರೋ ಹಾಗಿಲ್ಲ, ಸೈಟಲ್ಲಿ ಒಂದಿನ ಹೆಚ್ಚು ಒಂದಿನ ಕಮ್ಮಿ ಆಗೋದು ಇದ್ದೇ ಇರುತ್ತೆ ಅಂತ ಐಎಸ್ 10262 (ಮಿಕ್ಸ್ ಲೆಕ್ಕದ ಭಾರತೀಯ ಮಾನದಂಡ) ಒಂದು ಮಾರ್ಜಿನ್ ಸೇರಿಸುತ್ತೆ. 40ಕ್ಕೆ 1.65 ಗುಣಿಸು 5 (ಈ 5 ಅನ್ನೋದು ಆ ಹೆಚ್ಚುಕಮ್ಮಿಯ ಅಂದಾಜು, ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತಾರೆ), ಅಂದ್ರೆ 8.25 ಕೂಡಿಸಿ 48.25. ನಮ್ಮ ಗುರಿ ಇದು. ಕ್ಯೂಬಿನ ಮುಖ 150 ಗುಣಿಸು 150, ಅಂದ್ರೆ 22500 ಚದರ ಎಂಎಂ, ಹಂಗಾಗಿ ಮೆಷಿನ್ ಮೇಲೆ ಹತ್ತತ್ರ 1086 ಕಿಲೋನ್ಯೂಟನ್ ಲೋಡು ಬರ್ಬೇಕು. ಇದನ್ನ ಈಗ್ಲೇ ಹೇಳೋಕೆ ಕಾರಣ ಇದೆ, ಕೆಲವು ಕಡೆ ಹಳೇ 1000 ಕಿಲೋನ್ಯೂಟನ್ ಮೆಷಿನ್ ಇರುತ್ತೆ, ಅದ್ರಲ್ಲಿ ನಿಮ್ಮ ಕ್ಯೂಬು ಒಡೆಯೋ ಮುಂಚೆ ಮೆಷಿನ್ನಿನ ಶಕ್ತಿನೇ ಮುಗಿದಿರುತ್ತೆ. 2000 ಕಿಲೋನ್ಯೂಟನ್‌ದು ಇರೋ ಲ್ಯಾಬ್ ಯಾವುದು ಅಂತ ಕಾಂಕ್ರೀಟ್ ಕಲಸೋ ಮುಂಚೆನೇ ಫೋನ್ ಮಾಡಿ ವಿಚಾರಿಸ್ಕೊಳ್ಳಿ.

ಈಗ ಸಾಮಾನು. ಸಿಮೆಂಟು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು) 53 ಗ್ರೇಡ್ ತಗೊಳ್ಳಿ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಆದ್ರೂ ನಡೆಯುತ್ತೆ ಆದ್ರೆ ಅದು ನಿಧಾನ, 7 ದಿನದ ನಂಬರ್ ನೋಡಿ ಗಾಬರಿ ಆಗ್ಬಾರ್ದು. ಚೀಲದ ಮೇಲೆ ಯಾವ ವಾರ ಯಾವ ವರ್ಷ ತಯಾರಾಗಿದ್ದು ಅಂತ ಪ್ರಿಂಟ್ ಆಗಿರುತ್ತೆ, ಅದನ್ನ ನೋಡದೆ ದುಡ್ಡು ಕೊಡ್ಬೇಡಿ. ಮೂರು ತಿಂಗಳು ದಾಟಿದ ಸಿಮೆಂಟನ್ನ ಟೆಸ್ಟ್ ಮಾಡಿಸದೆ ಬಳಸ್ಬಾರ್ದು ಅನ್ನೋದು ಸಾಮಾನ್ಯ ನಿಯಮ, ನಮ್ ಮಳೆಗಾಲದಲ್ಲಿ ಅಷ್ಟು ದಿನಾನೂ ಕಾಯ್ಬೇಡಿ, ಆಗುಂಬೆ ಕಡೆ ವರ್ಷಕ್ಕೆ 7000 ಎಂಎಂ ಮೇಲೆ ಮಳೆ ಬೀಳೋ ಜಾಗ, ಗೋಡೌನ್ ಗೋಡೆನೇ ಬೆವರ್ತಾ ಇರುತ್ತೆ. ಚೀಲದೊಳಗೆ ಕೈ ಹಾಕಿದಾಗ ಗಂಟು ಸಿಕ್ಕಿ, ಆ ಗಂಟು ಬೆರಳಲ್ಲಿ ಒತ್ತಿದ್ರೆ ಪುಡಿ ಆಗ್ಲಿಲ್ಲ ಅಂದ್ರೆ ಆ ಚೀಲ ಕಾಂಪೌಂಡ್ ಕೆಲಸಕ್ಕೂ ಯೋಚ್ನೆ ಮಾಡಿ ಬಳಸಿ, ಟೆಸ್ಟಿಗಂತೂ ಬೇಡವೇ ಬೇಡ. ಹೊಸ ಚೀಲ ತಂದ್ರೂ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಇಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಿ.

ಜೆಲ್ಲಿ 20 ಎಂಎಂ ಮತ್ತು 12 ಎಂಎಂ ಎರಡೂ ಬೇಕು, ಬರೀ 20 ಹಾಕಿದ್ರೆ ಮಧ್ಯದಲ್ಲಿ ಸಂದು ಉಳಿಯುತ್ತೆ. ಕಪ್ಪು ಕಲ್ಲಿಂದೋ ಬಿಳಿ ಗ್ರಾನೈಟಿಂದೋ ಇರ್ಲಿ, ಆದ್ರೆ ಕೆಂಪಗೆ ಮೆತ್ತಗಿರೋ ಕಲ್ಲು, ಜಂಬಿಟ್ಟಿಗೆ ಚೂರು ಸೇರಿದ್ರೆ ಆರಿಸಿ ಎಸೀರಿ. ಜಂಬಿಟ್ಟಿಗೆ ಗೋಡೆಗೆ ಎಷ್ಟು ಒಳ್ಳೇದೋ ಎಂ40 ಕಾಂಕ್ರೀಟಿಗೆ ಅಷ್ಟೇ ಕೆಟ್ಟದ್ದು, ನೀರು ಹೀರುತ್ತೆ, ಒತ್ತಡಕ್ಕೆ ಪುಡಿ ಆಗುತ್ತೆ. ಕ್ರಷರ್ ಪೌಡರ್ ಮೈಗೆ ಅಂಟಿರೋ ಜೆಲ್ಲಿನ ತೊಳೆದು, ನೀರು ಬಸಿದು, ಒಳಗೆ ಹರವಿ ಇಡಿ. ಪೌಡರ್ ಹಂಗೇ ಇದ್ರೆ ಸಿಮೆಂಟು ಕಲ್ಲಿಗೆ ಹಿಡಿಯಲ್ಲ, ಒಡೆದ ಕ್ಯೂಬ್ ನೋಡಿದ್ರೆ ಕಲ್ಲು ನುಣ್ಣಗೆ ಕಿತ್ತು ಬಂದಿರುತ್ತೆ.

ಮರಳು ಅಂದ್ರೆ ಈಗ ಎಂ ಸ್ಯಾಂಡೇ, ಕ್ರಷರಲ್ಲಿ ಕಲ್ಲು ಪುಡಿ ಮಾಡಿ ತಯಾರಿಸಿದ್ದು. ತುಂಗಾ ಹೊಳೆ ಮರಳು ಸಿಕ್ತು ಅಂತ ಖುಷಿಪಡೋರು ಒಂದ್ಸಲ ಗಾಜಿನ ಬಾಟ್ಲಿಯಲ್ಲಿ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಟ್ಟು ನೋಡಿ, ಮೇಲೆ ಕೂತ ಕೆಸರಿನ ಪದರ ಎಷ್ಟು ದಪ್ಪ ಇದೆ ಅಂತ ತಿಳಿಯುತ್ತೆ. ದಪ್ಪ ಇದ್ರೆ ತೊಳೀದೆ ಬಳಸ್ಬೇಡಿ. ಎಂ ಸ್ಯಾಂಡ್ ಆದ್ರೆ ಪ್ಲಾಸ್ಟರಿಂಗ್‌ದಲ್ಲ, ಕಾಂಕ್ರೀಟಿನದ್ದು ಅಂತ ಕೇಳಿ ತಗೊಳ್ಳಿ, ಜೋನ್ 2 (ಮರಳಿನ ಕಣದ ಗಾತ್ರದ ದರ್ಜೆ) ಸಿಕ್ರೆ ಈ ಕೆಳಗಿನ ಲೆಕ್ಕ ಹಂಗೇ ಹೊಂದುತ್ತೆ.

ಕೊನೇದು ಅಡ್ಮಿಕ್ಸರ್, ಅಂದ್ರೆ ಕಮ್ಮಿ ನೀರಲ್ಲೂ ಕಾಂಕ್ರೀಟು ಸಡಿಲ ಇರೋ ಹಾಗೆ ಮಾಡೋ ರಾಸಾಯನಿಕ. ಪಿಸಿಇ ಜಾತಿಯ ಸೂಪರ್ ಪ್ಲಾಸ್ಟಿಸೈಜರ್ ಬೇಕೇ ಬೇಕು. ಇದಿಲ್ದೆ 0.38 ನೀರು ಸಿಮೆಂಟ್ ಅನುಪಾತದಲ್ಲಿ ಕಲಸಿದ್ರೆ ಕಾಂಕ್ರೀಟು ಒಣ ಉಂಡೆ ಉಂಡೆಯಾಗಿ ಕೂರುತ್ತೆ, ಮೌಲ್ಡಿಗೆ ಇಳಿಯಲ್ಲ.

ಒಂದು ಘನ ಮೀಟರಿಗೆ ನನ್ನ ಲೆಕ್ಕ ಹಿಂಗಿದೆ: ಸಿಮೆಂಟ್ 400 ಕೆಜಿ, ನೀರು 152 ಲೀಟರ್, ಜೆಲ್ಲಿ 1230 ಕೆಜಿ, ಮರಳು 655 ಕೆಜಿ, ಅಡ್ಮಿಕ್ಸರ್ 4 ಕೆಜಿ. ನೀರು 152 ಎಲ್ಲಿಂದ ಬಂತು ಅಂದ್ರೆ, 20 ಎಂಎಂ ಜೆಲ್ಲಿಗೆ 50 ಎಂಎಂ ಸ್ಲಂಪ್‌ಗೆ (ಕೋನ್ ಎತ್ತಿದಾಗ ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತೆ ಅನ್ನೋ ಅಳತೆ) 186 ಲೀಟರ್ ಅಂತ ಐಎಸ್ 10262 ಟೇಬಲ್ ಹೇಳುತ್ತೆ, ನಮಗೆ 100 ಎಂಎಂ ಸ್ಲಂಪ್ ಬೇಕು ಅಂತ ಪ್ರತಿ 25 ಎಂಎಂಗೆ ಶೇ 3 ಏರಿಸಿದ್ರೆ 197 ಆಗುತ್ತೆ, ಅದರಿಂದ ಪಿಸಿಇ ಶೇ 23 ಇಳಿಸುತ್ತೆ ಅಂತ ಹಿಡಿದ್ರೆ 152. ಅದನ್ನ ಸಿಮೆಂಟಿನ 400ರಿಂದ ಭಾಗಿಸಿದ್ರೆ ನೀರು ಸಿಮೆಂಟ್ ಅನುಪಾತ 0.38.

ಆರು ಕ್ಯೂಬಿಗೆ 20.25 ಲೀಟರ್ ಕಾಂಕ್ರೀಟು ಸಾಕು, ಆದ್ರೆ ಸ್ಲಂಪ್ ನೋಡೋಕೆ, ತಟ್ಟೆಗೆ ಅಂಟೋಕೆ, ಚೆಲ್ಲೋಕೆ ಅಂತ 25 ಲೀಟರ್ ಕಲಸಿ. ಅದಕ್ಕೆ ಬೇಕಾಗೋದು:

ಸಿಮೆಂಟ್ 10 ಕೆಜಿ
ನೀರು 3.8 ಲೀಟರ್
20 ಎಂಎಂ ಜೆಲ್ಲಿ 18.45 ಕೆಜಿ
12 ಎಂಎಂ ಜೆಲ್ಲಿ 12.3 ಕೆಜಿ
ಮರಳು 16.4 ಕೆಜಿ
ಅಡ್ಮಿಕ್ಸರ್ 100 ಗ್ರಾಂ

ನಿಮ್ಮ ಜೆಲ್ಲಿಯ ಸ್ಪೆಸಿಫಿಕ್ ಗ್ರಾವಿಟಿ (ಅಷ್ಟೇ ಜಾಗದ ನೀರಿಗಿಂತ ಎಷ್ಟು ಪಟ್ಟು ತೂಕ ಅನ್ನೋದು) 2.7, ಮರಳಿಂದು 2.6 ಅಂತ ಹಿಡಿದ ಲೆಕ್ಕ ಇದು, ಲ್ಯಾಬ್ ರಿಪೋರ್ಟ್ ಬೇರೆ ಹೇಳಿದ್ರೆ ಬದಲಾಯಿಸ್ಕೊಳ್ಳಿ. ಎಲ್ಲಾನೂ ತೂಕ ಹಾಕಿ, ಬಾಂಡ್ಲಿ ಲೆಕ್ಕ ಬೇಡ. ಒದ್ದೆ ಮರಳು ಉಬ್ಬಿಕೊಂಡಿರುತ್ತೆ, ಶೇ 5ರಷ್ಟು ತೇವಕ್ಕೇ 20ರಿಂದ 30 ಪರ್ಸೆಂಟ್ ಜಾಗ ಜಾಸ್ತಿ ತಗೊಳ್ಳುತ್ತೆ, ಹಂಗಾಗಿ ಬಾಂಡ್ಲಿ ತುಂಬಾ ಮರಳು ಕಂಡ್ರೂ ಒಳಗೆ ಮರಳು ಕಮ್ಮಿ ಇರುತ್ತೆ. ಹಳೇ ಪೆಟ್ಟಿಗೆ ಅಳತೆಯಲ್ಲಿ ಮಳೆಗಾಲದ ಸ್ಲಾಬಿಗೆ ಜೆಲ್ಲಿ ಎದ್ದು ಕಾಣೋದು ಇದ್ರಿಂದಾನೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೇಲೆ ಬರೆದ 16.4 ಕೆಜಿ ಮರಳು ಯಾವ ಸ್ಥಿತಿಯದ್ದು? ಒಳಗೆ ಕುಡೀಬೇಕಾದಷ್ಟು ನೀರು ಕುಡಿದು, ಮೈ ಮಾತ್ರ ಒಣಗಿರೋ ಮರಳು. ಎಸ್‌ಎಸ್‌ಡಿ ಅಂತಾರೆ. ಇಂಥ ಮರಳು ಕಾಂಕ್ರೀಟಿಂದ ನೀರು ಕಸಿಯಲ್ಲ, ಕಾಂಕ್ರೀಟಿಗೆ ನೀರು ಕೊಡೋದೂ ಇಲ್ಲ. ನಮ್ಮ ಅಂಗಳದಲ್ಲಿ ಟಾರ್ಪಾಲ್ ಹೊದ್ದು ಬಿದ್ದಿರೋ ಮರಳು ಅದಲ್ಲ. ಟಾರ್ಪಾಲ್ ಹಾಕಿದೀನಿ ಅಂತ ನೀವು ಅಂದ್ಕೊಳ್ತೀರಿ, ಕೆಳಗಿಂದ ನೆಲದ ನೀರು ಹತ್ತಿರುತ್ತೆ. ರಾಶಿಯ ಮೇಲ್ಭಾಗ ಒಂದು ತೇವ, ಬುಡ ಇನ್ನೊಂದು ತೇವ.

ಹಾಗಾಗಿ ಕಲಸೋ ದಿನ ಬೆಳಗ್ಗೆ ಬೇಕಾದ ಮರಳನ್ನ ಒಳಗೆ ತಂದು ಸಲಿಕೆಯಲ್ಲಿ ಮೇಲೆ ಕೆಳಗೆ ಮಾಡಿ ಒಂದೇ ಹದಕ್ಕೆ ತನ್ನಿ, ಅದರಿಂದ 500 ಗ್ರಾಂ ತೂಗಿ ಕಬ್ಬಿಣದ ಬಾಣಲೆಗೆ ಹಾಕಿ ಗ್ಯಾಸ್ ಮೇಲೆ ಹುರೀರಿ. (ಅಡುಗೆಮನೆ ಬಾಣಲೆ ತಗೊಂಡು ಹೋಗಿ ಮನೇಲಿ ಜಗಳ ತಂದ್ಕೋಬೇಡಿ, ಸಂತೆಯಲ್ಲಿ ಒಂದು ಅಗ್ಗದ್ದು ತನ್ನಿ.) ಉರಿ ಮಧ್ಯಮ ಇರ್ಲಿ, ಕೈ ಆಡಿಸ್ತಾ ಇರಿ. ಆವಿ ನಿಂತಿತು ಅನ್ಸಿದಾಗ ಒಂದು ತಣ್ಣನೆ ಗಾಜನ್ನ ಮೇಲೆ ಹಿಡೀರಿ, ಮಂಜು ಕಟ್ಟಿದ್ರೆ ಇನ್ನೂ ನೀರಿದೆ. ಮಂಜು ಕಟ್ಟದೆ ಇದ್ದಾಗ ಇಳಿಸಿ, ತಣಿಸಿ, ತೂಗಿ. 470 ಗ್ರಾಂ ಬಂತು ಅಂತ ಇಟ್ಕೊಳ್ಳಿ. ಹೋದ ನೀರು 30 ಗ್ರಾಂ, ಅದನ್ನ 470ರಿಂದ ಭಾಗಿಸಿದ್ರೆ ಶೇ 6.4. ಇದರಲ್ಲಿ ಮರಳು ತಾನೇ ಕುಡಿದು ಒಳಗಿಟ್ಕೊಂಡಿದ್ದು, ಅಂದ್ರೆ ಲ್ಯಾಬ್ ರಿಪೋರ್ಟಲ್ಲಿ ವಾಟರ್ ಅಬ್ಸಾರ್ಪ್ಶನ್ ಅಂತ ಇರೋದು, 1.4 ಇದ್ರೆ ಅದನ್ನ ಕಳೀರಿ. ಉಳಿದಿದ್ದು ಶೇ 5. ಈ ಐದೇ ಕಾಂಕ್ರೀಟಿಗೆ ಇಳಿಯೋ ಬಿಟ್ಟಿ ನೀರು.

16.4 ಕೆಜಿಗೆ ಶೇ 5 ಅಂದ್ರೆ 0.82 ಲೀಟರ್. ಆದ್ದರಿಂದ ಒದ್ದೆ ಮರಳನ್ನ 16.4 ಬದಲು 17.2 ಕೆಜಿ ತೂಗಿ, ನೀರನ್ನ 3.8ರಿಂದ 0.82 ಕಳೆದು ಹತ್ತತ್ರ 3 ಲೀಟರ್ ಮಾತ್ರ ಹಾಕಿ. ನೋಡೋಕೆ ಏನೂ ಇಲ್ಲ, ಮುಕ್ಕಾಲು ಲೀಟರ್ ಬಾಟ್ಲಿ ನೀರು ಅಷ್ಟೇ. ಆದ್ರೆ ಇದನ್ನ ಬಿಟ್ಟು ಸೀದಾ 3.8 ಲೀಟರ್ ಸುರಿದ್ರೆ ಎಂತ ಆಗುತ್ತೆ ಅಂದ್ರೆ, ಒಟ್ಟು ನೀರು 4.58 ಲೀಟರ್ ಆಗಿ ಅನುಪಾತ 0.38 ಹೋಗಿ 0.46 ಆಗುತ್ತೆ. ನೀವು ಎಂ40 ಅಂತ ಕಲಸಿದ್ದು ಎಂ30ರ ಹತ್ರದ ಕಾಂಕ್ರೀಟು. ಸಿಮೆಂಟ್ ಸರಿ ಇದೆ, ಕಲಸಿದ್ದು ಸರಿ ಇದೆ, ಕ್ಯೂರಿಂಗ್ ಸರಿ ಇದೆ, ನಂಬರ್ ಮಾತ್ರ ಬರಲ್ಲ. ಮತ್ತೆ ಆ ಹುಡುಕಾಟದಲ್ಲಿ ಯಾರಿಗೂ ಏನೂ ಸಿಗಲ್ಲ, ಆ ನೀರು ಯಾವ ಪುಸ್ತಕದಲ್ಲೂ ಬರ್ದಿಟ್ಟಿರಲ್ಲ ನೋಡಿ.

ಬೇಸಿಗೆಯಲ್ಲಿ ಉಲ್ಟಾ. ಏಪ್ರಿಲ್ ಬಿಸಿಲಲ್ಲಿ ಬಿದ್ದಿರೋ ಜೆಲ್ಲಿ ಪೂರ್ತಿ ಒಣಗಿರುತ್ತೆ, ಅದು ಶೇ 0.5 ನೀರು ಕುಡಿಯೋ ಕಲ್ಲಾದ್ರೆ ನಮ್ಮ ಬ್ಯಾಚಲ್ಲಿ 150 ಎಂಎಲ್ ನೀರು ಹೀರಿಕೊಳ್ಳುತ್ತೆ, ಅಷ್ಟನ್ನ ಸೇರಿಸ್ಬೇಕು. ಇಲ್ಲಾಂದ್ರೆ ಕಲಸಿದ ಹತ್ತು ನಿಮಿಷಕ್ಕೆ ಕಾಂಕ್ರೀಟು ಗಟ್ಟಿ ಅನ್ಸುತ್ತೆ, ಆಗ ಮೇಸ್ತ್ರಿ ಕೇಳದೆ ಒಂದು ಚೊಂಬು ನೀರು ಸುರೀತಾರೆ, ಲೆಕ್ಕ ಅಲ್ಲಿಗೆ ಮುಗೀತು.

ಕಲಸೋಕೆ ಸಣ್ಣ ಮಿಕ್ಸರ್ ಇದ್ರೆ ಒಳ್ಳೇದು. ಇಲ್ದಿದ್ರೆ ನೀರು ಹೀರದ ಕಬ್ಬಿಣದ ಶೀಟ್ ಮೇಲೆ ಸಲಿಕೆಯಲ್ಲಿ ಕಲಸಿ, ಆದ್ರೆ ಪಿಸಿಇ ಹಾಕಿದ ಕಮ್ಮಿ ನೀರಿನ ಕಾಂಕ್ರೀಟು ಕೈಯಲ್ಲಿ ಕಲಸೋದು ತೋಳಿಗೆ ಸರಿಯಾದ ಕೆಲಸ, ಇಬ್ರು ಇರ್ಲಿ. ಶೀಟನ್ನ, ಮಿಕ್ಸರ್ ಒಳಗನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ನಿಲ್ಬಾರ್ದು. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಸಿಮೆಂಟ್ ಸುರಿಯುವಾಗ ಮಾಸ್ಕ್ ಹಾಕ್ಕೊಳ್ಳಿ. ಹಸಿ ಸಿಮೆಂಟು ಚರ್ಮನ ಸುಡುತ್ತೆ, ಆಗ ಗೊತ್ತಾಗಲ್ಲ, ರಾತ್ರಿ ಉರಿ ಶುರು ಆಗುತ್ತೆ.

ಕೈಯಲ್ಲಾದ್ರೆ ಮೊದ್ಲು ಮರಳು ಸಿಮೆಂಟು ಬಣ್ಣ ಒಂದಾಗೋ ತನಕ ಒಣದಾಗಿ ಕಲಸಿ, ಆಮೇಲೆ ಜೆಲ್ಲಿ ಸೇರಿಸಿ ಇನ್ನೊಂದ್ಸಲ ತಿರುವಿ, ಆಮೇಲೆ ನೀರು. ಅಳೆದ ನೀರಲ್ಲಿ ಮುಕ್ಕಾಲು ಭಾಗ ಮೊದ್ಲು ಹಾಕಿ, ಉಳಿದ ಕಾಲು ಭಾಗಕ್ಕೆ ಅಡ್ಮಿಕ್ಸರ್ ಬೆರೆಸಿ ಆಮೇಲೆ ಹಾಕಿ. ಅಡ್ಮಿಕ್ಸರ್‌ನ ಒಣ ಸಿಮೆಂಟಿನ ಮೇಲೆ ನೇರ ಸುರೀಬೇಡಿ, ಒಂದೇ ಜಾಗ ಹೀರಿಕೊಂಡು ಉಳಿದ ಕಡೆ ಸಿಗಲ್ಲ. ಪಿಸಿಇ ಕೆಲಸ ಶುರು ಮಾಡೋಕೆ ಎರಡ್ಮೂರು ನಿಮಿಷ ಬೇಕು. ಮೊದಲ ನಿಮಿಷದಲ್ಲಿ ಕಾಂಕ್ರೀಟು ಒಣ ಒಣ ಕಾಣುತ್ತೆ, ನೀರು ಸಾಲ್ದು ಅನ್ಸುತ್ತೆ. ಅಲ್ಲೇ ಎಲ್ರೂ ಜಾರೋದು. ಕೈ ಕಟ್ಟಿ ಕೂತ್ಕೊಳ್ಳಿ, ಅಂದ್ರೆ ನೀರಿನ ಜಗ್ಗಿಂದ ಕೈ ದೂರ ಇಟ್ಟು ಕಲಸ್ತಾನೇ ಇರಿ, ಇದ್ದಕ್ಕಿದ್ದಂಗೆ ದೋಸೆ ಹಿಟ್ಟು ಸಡಿಲ ಆದ ಹಾಗೆ ಸಡಿಲ ಆಗುತ್ತೆ. ಎಲ್ಲಾ ಹಾಕಿದ ಮೇಲೆ ಮಿಕ್ಸರಲ್ಲಿ ಕನಿಷ್ಠ 2 ನಿಮಿಷ ಅಂತ ನಿಯಮ, ಈ ಮಿಕ್ಸಿಗೆ ನಾನು 4-5 ನಿಮಿಷ ಓಡಿಸ್ತೀನಿ.

ಸ್ಲಂಪ್ ಕೋನ್ 300 ಎಂಎಂ ಎತ್ತರದ್ದು, ತುಂಬಿ ಕುಟ್ಟಿ ನೆಟ್ಟಗೆ ಮೇಲೆತ್ತಿ ಎಷ್ಟು ಕುಸೀತು ನೋಡಿ. 75ರಿಂದ 125 ಎಂಎಂ ಒಳಗೆ ಬಂದ್ರೆ ಮುಂದೆ ಹೋಗಿ. ಕಮ್ಮಿ ಬಂದ್ರೆ ನೀರಲ್ಲ, ಅಡ್ಮಿಕ್ಸರ್ 10-20 ಗ್ರಾಂ ಏರಿಸಿ ಮತ್ತೆ ಕಲಸಿ. 180 ದಾಟಿ ಹರಿದು ಹೋದ್ರೆ ಮರಳಿನ ತೇವ ತಪ್ಪಾಗಿ ಲೆಕ್ಕ ಹಾಕಿದೀರಿ ಅಥವಾ ಅಡ್ಮಿಕ್ಸರ್ ಜಾಸ್ತಿ ಆಗಿದೆ, ಆ ಬ್ಯಾಚು ಬಿಟ್ಟು ಹೊಸದು ಕಲಸೋದೇ ವಾಸಿ, ಒಣ ಸಿಮೆಂಟು ಉದುರಿಸಿ ರಿಪೇರಿ ಮಾಡೋಕೆ ಹೋಗ್ಬೇಡಿ. ಬಂದ ಸ್ಲಂಪನ್ನ ಪುಸ್ತಕದಲ್ಲಿ ಬರ್ಕೊಳ್ಳಿ.

ಮೌಲ್ಡು ಮೊದ್ಲೇ ರೆಡಿ ಇರ್ಬೇಕು. ಒಳಗೆ ಹಳೇ ಸಿಮೆಂಟ್ ಹೊಪ್ಪಳೆ ಇದ್ರೆ ಕೆರೆದು, ಮೂಲೆಮಟ್ಟ ಇಟ್ಟು ಮೂಲೆ ನೇರ ಇದೆಯಾ ನೋಡಿ, ಬೋಲ್ಟ್ ಬಿಗಿ ಮಾಡಿ, ತೆಳ್ಳಗೆ ಎಣ್ಣೆ ಸವರಿ. ತಳದಲ್ಲಿ ಎಣ್ಣೆ ನಿಂತಿದ್ರೆ ಒರೆಸಿಬಿಡಿ. ಸಂದಿಂದ ಸಿಮೆಂಟ್ ಹಾಲು ಸೋರಿದ್ರೆ ಆ ಅಂಚಲ್ಲಿ ಬರೀ ಜೆಲ್ಲಿ ಉಳಿಯುತ್ತೆ, ಹಂಗಾಗಿ ಸಂದಿಗೆ ಗ್ರೀಸ್ ಹಚ್ಚಿ. ತುಂಬೋದು ಮೂರು ಪದರದಲ್ಲಿ, ಒಂದೊಂದು ಸುಮಾರು 50 ಎಂಎಂ. ಪ್ರತಿ ಪದರಕ್ಕೂ 16 ಎಂಎಂ ದಪ್ಪದ, ತುದಿ ದುಂಡಗಿರೋ ಟ್ಯಾಂಪಿಂಗ್ ರಾಡಲ್ಲಿ 35 ಏಟು, ಇಡೀ ಮುಖಕ್ಕೆ ಸಮ ಹಂಚಿ, ಮೂಲೆಗಳನ್ನ ಮರೀದೆ. ಎರಡನೇ ಪದರ ಕುಟ್ಟುವಾಗ ರಾಡು ಕೆಳಗಿನ ಪದರದೊಳಗೂ ಸ್ವಲ್ಪ ಇಳೀಬೇಕು. 35 ಅನ್ನೋದನ್ನ ಬಾಯಲ್ಲಿ ಎಣಿಸಿ, ಮಾತಾಡ್ತಾ ಕುಟ್ಟಿದ್ರೆ ಇಪ್ಪತ್ತಕ್ಕೇ ನಿಲ್ಸಿರ್ತೀರಿ. ಒಳಗೆ ಶೇ 5 ಗಾಳಿ ಉಳಿದ್ರೆ ಬಲ ಶೇ 30ರಷ್ಟು ಇಳೀಬಹುದು, ಇಷ್ಟೆಲ್ಲಾ ನೀರಿನ ಲೆಕ್ಕ ಹಾಕಿದ್ದು ಅಲ್ಲೇ ಮಣ್ಣುಪಾಲು. ಕೊನೇಗೆ ಮೌಲ್ಡಿನ ಪಕ್ಕ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಗುಳ್ಳೆ ಬರೋದು ನಿಂತ ಮೇಲೆ ಕರಣೆಯಲ್ಲಿ ಮೇಲ್ಮುಖ ಮಟ್ಟ ಮಾಡಿ.

ಮೊದಲ 24 ಗಂಟೆ ಕ್ಯೂಬನ್ನ ಅಲ್ಲಾಡಿಸ್ಬಾರ್ದು. ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್. ಕಾಂಕ್ರೀಟ್ ಬಲದ ಪರೀಕ್ಷೆಯ ಮಾನದಂಡ ಐಎಸ್ 516 ಕೇಳೋದು 27 ಡಿಗ್ರಿ, ಎರಡು ಡಿಗ್ರಿ ಹೆಚ್ಚುಕಮ್ಮಿ, ಗಾಳಿಯಲ್ಲಿ ಕನಿಷ್ಠ ಶೇ 90 ತೇವ. ತೇವದ ಚಿಂತೆ ನಮಗೆ ಮಳೆಗಾಲದಲ್ಲಿ ಇಲ್ಲ, ಚಿಂತೆ ಇರೋದು ಚಳಿಯದ್ದು. ಡಿಸೆಂಬರ್ ಜನವರಿಯಲ್ಲಿ ಕೊಪ್ಪ, ತೀರ್ಥಹಳ್ಳಿ ಕಡೆ ಬೆಳಗಿನ ಜಾವ ಹೊರಗೆ ಇಟ್ಟ ಕ್ಯೂಬು ತಣ್ಣಗೆ ಮಲಗಿರುತ್ತೆ, ಸಿಮೆಂಟಿನ ಕೆಲಸ ನಿಧಾನ ಆಗುತ್ತೆ, 7 ದಿನದ ನಂಬರ್ ಕೆಳಗೆ ಬರುತ್ತೆ. ಮನೆಯೊಳಗೆ ಬಚ್ಚಲ ಒಲೆ ಆಚೆ ಬದಿಯ ಕೋಣೆಯಲ್ಲಿ ಇಡೋದು ಒಳ್ಳೇ ಉಪಾಯ, ಆದ್ರೆ ಒಲೆಗೆ ಒತ್ತಿ ಅಲ್ಲ, ಒಂದು ಬದಿ ಬಿಸಿ ಇನ್ನೊಂದು ಬದಿ ತಣ್ಣಗೆ ಆಗ್ಬಾರ್ದು, ಗೋಣಿ ಒಣಗ್ಬಾರ್ದು. ಪಕ್ಕದಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ.

24 ಗಂಟೆ ಆದ್ಮೇಲೆ ಬೋಲ್ಟ್ ಸಡಿಲಿಸಿ ಬಿಚ್ಚಿ, ಸುತ್ತಿಗೆಯಲ್ಲಿ ಹೊಡೆದು ಬಿಡಿಸ್ಬೇಡಿ, ಅಂಚು ಹೋಗುತ್ತೆ. ಗ್ರೇಡು, ತಾರೀಕು, ನಂಬರ್ ಅಳಿಸದ ಪೇಂಟಲ್ಲಿ ಬರ್ದು ಕೂಡ್ಲೇ ನೀರಿಗೆ ಇಳಿಸಿ. ಪೂರ್ತಿ ಮುಳುಗ್ಬೇಕು. ಇಲ್ಲಿ ಮಲೆನಾಡಿನವ್ರು ಮಾಡೋ ಒಂದು ಕೆಲಸ ಇದೆ, ಮನೆ ಪಕ್ಕ ಹಳ್ಳ ಹರೀತಾ ಇದೆ, ಶುದ್ಧ ನೀರು, ಅಲ್ಲೇ ಹಗ್ಗ ಕಟ್ಟಿ ಬಿಟ್ರಾಯ್ತು ಅಂತ. ಬೇಡ. ಹರಿಯೋ ನೀರು ತಂಪು, ಜೊತೆಗೆ ಮಳೆನೀರಿನಂಥ ಮೃದು ನೀರು ಕಾಂಕ್ರೀಟಿನ ಸುಣ್ಣದ ಅಂಶನ ಮೆಲ್ಲಗೆ ಕರಗಿಸಿ ಒಯ್ಯುತ್ತೆ. ಪ್ಲಾಸ್ಟಿಕ್ ಡ್ರಮ್ಮೋ ಸಿಮೆಂಟ್ ತೊಟ್ಟಿಯೋ ತಗೊಂಡು ನೀರು ತುಂಬಿ, ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ ಅರಳಿಸಿದ ಸುಣ್ಣದ ಪುಡಿ ಕದಡಿ, ಸುಣ್ಣ ಸ್ವಲ್ಪ ತಳದಲ್ಲಿ ಕೂತಿದ್ರೆ ನೀರು ತುಂಬಾ ಕುಡಿದಿದೆ ಅಂತ ಅರ್ಥ, ಅದೇ ಬೇಕು. 7 ದಿನಕ್ಕೊಮ್ಮೆ ನೀರು ಬದಲಾಯಿಸಿ. ತೊಟ್ಟಿ ಒಳಗೇ ಇರ್ಲಿ, ಚಳಿಗಾಲದಲ್ಲಿ ಮೀನಿನ ತೊಟ್ಟಿಗೆ ಹಾಕೋ ಥರ್ಮೋಸ್ಟಾಟ್ ಇರೋ ಹೀಟರ್ ಸಾಕಾಗುತ್ತೆ. ಸಿಮೆಂಟು ಗಟ್ಟಿ ಆಗೋದು ಒಣಗಿ ಅಲ್ಲ, ನೀರಿನ ಜೊತೆ ಸೇರಿ, ಅದಕ್ಕೇ ಮೊದಲ ವಾರದಲ್ಲಿ ಒಂದಿನ ಕ್ಯೂಬ್ ಹೊರಗೆ ಬಿದ್ರೂ ಆ ನಷ್ಟ ಆಮೇಲೆ ಪೂರ್ತಿ ತುಂಬಲ್ಲ.

ಹಳ್ಳಿಯಿಂದ ಶಿವಮೊಗ್ಗದ ಲ್ಯಾಬಿಗೆ ತರೋದಾದ್ರೆ ಒದ್ದೆ ಗೋಣಿ ಸುತ್ತಿ, ಜೀಪಲ್ಲಿ ಕೆಳಗೆ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂಗೆ ಇಡಿ. ಹಸಿ ಇರೋವಾಗ್ಲೇ ಟೆಸ್ಟ್ ಆಗ್ಬೇಕು, ಹಿಂದಿನ ದಿನ ತಂದು ಒಣಗಿಸಿ ಇಟ್ರೆ ನಂಬರ್ ಬೇರೆ ಬರುತ್ತೆ, ಅದೂ ಸುಳ್ಳಾಗಿ ಜಾಸ್ತಿನೇ ಬರ್ಬಹುದು.

ಲ್ಯಾಬಲ್ಲಿ ಮೊದ್ಲು ತೂಗಿ. ಈ ಮಿಕ್ಸಿನ ಕ್ಯೂಬು ಸುಮಾರು 8.2 ಕೆಜಿ ಬರ್ಬೇಕು, 7.8 ಬಂದ್ರೆ ಒಳಗೆ ಗಾಳಿ ಇದೆ ಅಂತ ಒಡೆಯೋ ಮುಂಚೆನೇ ಹೇಳ್ಬಹುದು. ಮೈ ಮೇಲಿನ ನೀರು, ಮರಳು ಕಣ ಒರೆಸಿ, ಮೆಷಿನ್ನಿನ ಪ್ಲೇಟಿನ ಮೇಲೆ ಹಳೇ ಕ್ಯೂಬಿನ ಚೂರು ಇದ್ರೆ ಗುಡಿಸಿ. ಕರಣೆಯಲ್ಲಿ ಮಟ್ಟ ಮಾಡಿದ ಮುಖ ಮೇಲೂ ಬೇಡ ಕೆಳಗೂ ಬೇಡ, ಪಕ್ಕಕ್ಕೆ ತಿರುಗಿಸಿ, ಮೌಲ್ಡಿಗೆ ತಾಗಿದ ನುಣುಪು ಮುಖಗಳಿಗೆ ಲೋಡ್ ಬೀಳ್ಬೇಕು. ಸರಿಯಾಗಿ ಮಧ್ಯ ಕೂರಿಸಿ. ಲೋಡ್ ಏರಿಸೋ ವೇಗ ಸೆಕೆಂಡಿಗೆ ಸುಮಾರು 5.2 ಕಿಲೋನ್ಯೂಟನ್, ಹಂಗಾಗಿ 1086 ಮುಟ್ಟೋಕೆ ಮೂರೂವರೆ ನಿಮಿಷ ಹಿಡಿಯುತ್ತೆ. ಆಪರೇಟರ್ ಊಟದ ಅವಸರದಲ್ಲಿ ಒಂದು ನಿಮಿಷಕ್ಕೆ ಮುಗಿಸಿದ್ರೆ ನಂಬರ್ ಜಾಸ್ತಿ ತೋರ್ಸುತ್ತೆ, ನೀವು ಖುಷಿಯಾಗಿ ಮನೆಗೆ ಹೋಗ್ತೀರಿ, ಆದ್ರೆ ಅದು ನಿಮ್ಮ ಕಾಂಕ್ರೀಟಿನ ಬಲ ಅಲ್ಲ.

ಮೂರು ಕ್ಯೂಬು 1105, 1080, 1124 ಕಿಲೋನ್ಯೂಟನ್‌ಗೆ ಒಡೆದ್ವು ಅಂದ್ಕೊಳ್ಳಿ, 22500ರಿಂದ ಭಾಗಿಸಿದ್ರೆ 49.1, 48.0, 50.0, ಸರಾಸರಿ 49. ಒಳ್ಳೇ ಬ್ಯಾಚು. ಮೂರರಲ್ಲಿ ಯಾವುದೂ ಸರಾಸರಿಗಿಂತ ಶೇ 15ಕ್ಕಿಂತ ಜಾಸ್ತಿ ಆಚೀಚೆ ಇರ್ಬಾರ್ದು, ಇದ್ರೆ ಆ ಸೆಟ್ಟನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. 7 ದಿನಕ್ಕೆ ಓಪಿಸಿಯಲ್ಲಿ 28 ದಿನದ ಬಲದ ಮೂರನೇ ಎರಡು ಭಾಗ, ಅಂದ್ರೆ 32ರ ಆಸುಪಾಸು ಬಂದ್ರೂ ನೆಮ್ಮದಿಯಾಗಿರಿ.

ಬರ್ಲಿಲ್ಲ ಅಂದ್ರೆ ಹುಡುಕೋಕೂ ಒಂದು ಕ್ರಮ ಇದೆ. ಒಡೆದ ಆಕಾರ ನೋಡಿ, ನಾಲ್ಕೂ ಪಕ್ಕ ಸಮವಾಗಿ ಉದುರಿ ನಡು ಸಣ್ಣಗಾಗಿ, ಬುಡಬುಡಕೆ ಥರ ಉಳಿದಿದ್ರೆ ಟೆಸ್ಟ್ ಸರಿಯಾಗಿ ಆಗಿದೆ, ಕಾಂಕ್ರೀಟಿನ ಬಲಾನೇ ಅಷ್ಟು. ಒಂದೇ ಪಕ್ಕ ಸೀಳಿ ಹೋಗಿದ್ರೆ ಕ್ಯೂಬು ಮಧ್ಯ ಕೂತಿಲ್ಲ ಅಥವಾ ಮೌಲ್ಡಿನ ಮೂಲೆ ನೇರ ಇರ್ಲಿಲ್ಲ. ತೂಕ ಸರಿ, ಆಕಾರ ಸರಿ, ಆದ್ರೂ 40ರ ಕೆಳಗೆ ಬಂತು ಅಂದ್ರೆ ಸ್ಲಂಪ್ ಪುಸ್ತಕ ತೆಗೀರಿ, 150 ಮೇಲೆ ಬರ್ದಿದ್ರೆ ನೀರೇ ಕಾರಣ ಅಂತ ಬಹುತೇಕ ಹೇಳ್ಬಹುದು. ಸ್ಲಂಪೂ ಸರಿ ಇದ್ರೆ ಕ್ಯೂಬಿನ ಒಡೆದ ಮುಖ ನೋಡಿ, ಜೆಲ್ಲಿ ಸೀಳಿದ್ರೆ ಒಳ್ಳೇದು, ಜೆಲ್ಲಿ ಒಡೀದೆ ಇಡಿಯಾಗಿ ಕಿತ್ತು ಬಂದಿದ್ರೆ ಪೌಡರ್ ತೊಳೆದಿಲ್ಲ ಅಥವಾ ಸಿಮೆಂಟ್ ಹಳೇದು. ಇದ್ಯಾವುದೂ ಅಲ್ಲ ಅಂದ್ರೆ ಮೆಷಿನ್ನಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನ ತಾರೀಕು ತೋರ್ಸಿ ಅಂತ ಲ್ಯಾಬಿನವ್ರನ್ನ ಕೇಳಿ, ಸಂಕೋಚ ಬೇಡ, ಕೇಳಿದ್ರೆ ತೋರಿಸ್ಲೇಬೇಕು.